ಎಲ್ಲಿಗೆ ಅಂತ ಕೇಳುವ ಊರಿನಲ್ಲಿ

ವಳಕಮದಿನ್ನಿ

ಕೊರಿಯಾದಿಂದ ಬಂದ ಮೇಲೆ ಮಸ್ಕಿ ಸಂತೆಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ಅಲ್ಲಿಯ ಊಟದ ಮಾತು. ಏನೇನೋ ತಿಂತಾರಂತಲ್ಲ, ಖರೇನಾ ಅಂತ. ಯಾರು ಏನು ತಿಂತಾರೆ ಅಂತ ನೋಡಲು ನಾನು ಅಷ್ಟು ದೂರ ಹೋಗಿರಲಿಲ್ಲ. ಮೊಮ್ಮಗಳದು ಪರೀಕ್ಷೆ ಇತ್ತು, ಅದಕ್ಕೆ ಹೋಗಿದ್ದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಪರೀಕ್ಷೆಗೆ ನನ್ನಿಂದ ಏನು ಉಪಯೋಗ ಅಂದರೆ, ಅವಳು ಓದುವಾಗ ಮಗುವನ್ನು ಹಿಡಿಯುವುದು. ಅಷ್ಟೇ.

ಮೊಮ್ಮಗಳ ಹೆಸರು ರೇಣುಕಾ. ನನ್ನ ಮಗಳ ಮಗಳು. ಮಗಳು ಮಸ್ಕಿಯಲ್ಲಿ ಕುಪ್ಪಸ ಹೊಲಿಯುತ್ತಾಳೆ, ಮಷಿನ್ನು ಬಿಟ್ಟು ಏಳಲು ಅವಳಿಗೆ ಪುರಸೊತ್ತಿರಲಿಲ್ಲ. ಹಾಗಾಗಿ ರೇಣುಕಾ ವಳಕಮದಿನ್ನಿಯಲ್ಲಿ ನನ್ನ ಹತ್ತಿರ ಬೆಳೆದಳು. ಸಿಂಧನೂರಿನಲ್ಲಿ ನರ್ಸಿಂಗ್ ಓದಿದಳು. ಲಿಂಗಸುಗೂರಿನ ವೀರೇಶನಿಗೆ ಕೊಟ್ಟೆವು. ಅವನು ವೆಲ್ಡಿಂಗ್ ಕಲಿತ ಹುಡುಗ. ಲಿಂಗಸುಗೂರಿನಲ್ಲಿ ಇರುವತನಕ ಅವನು ದೋಣಿ ಕೂಡ ಹತ್ತಿರದಿಂದ ನೋಡಿರಲಿಲ್ಲ, ಈಗ ಕೊರಿಯಾದಲ್ಲಿ ಹಡಗು ಕಟ್ಟುತ್ತಾನೆ. ಹೆಂಡತಿ ಮಗುವನ್ನೂ ಅಲ್ಲಿಗೇ ಕರೆಸಿಕೊಂಡಿದ್ದ.

ತೊಂದರೆ ಏನೆಂದರೆ, ಆ ದೇಶದ ಕಾಗದದಲ್ಲಿ ರೇಣುಕಾ ಬರೀ ಹೆಂಡತಿ. ದುಡಿಯುವಂತಿಲ್ಲ. ಅಲ್ಲಿಯ ಒಂದು ಕಾಲೇಜಿನಲ್ಲಿ ಮುದುಕರ ಆರೈಕೆ ಕಲಿಸುತ್ತಾರೆ, ಕಲಿತವರಿಗೆ ಕೆಲಸವೂ ಸಿಗುತ್ತದೆ. ಆದರೆ ಸೀಟು ಬೇಕಾದರೆ ಕೊರಿಯನ್ ಭಾಷೆಯ ಪರೀಕ್ಷೆಯಲ್ಲಿ ಎರಡನೇ ಮಟ್ಟ ಮುಟ್ಟಬೇಕು. ಒಮ್ಮೆ ಬರೆದು ಒಂದನೇ ಮಟ್ಟಕ್ಕೇ ನಿಂತಿದ್ದಳು. ಸೀಟಿನ ಗಡುವಿನ ಒಳಗೆ ಇನ್ನೊಂದೇ ಸಲ ಬರೆಯಲು ಸಾಧ್ಯವಿತ್ತು.

ಫೋನಿನಲ್ಲಿ ಅಳುತ್ತಿದ್ದಳು. ನಮ್ಮ ಕಡೆ ತಾಯಿಗೆ ಅವ್ವ ಅಂತೀವಿ, ಅಜ್ಜಿಗೆ ಅಮ್ಮ.

“ಅಮ್ಮ, ಈ ಸಲ ಆಗ್ಲಿಲ್ಲಂದ್ರ ಮಗೂನ ಕರ್ಕೊಂಡು ಬಂದ್ಬಿಡ್ತೀನಿ. ಇಲ್ಲಿ ಗ್ವಾಡಿ ನೋಡ್ಕೊಂತ ಕುಂದ್ರಾಕ ನನ್ನ ಕೈಲೆ ಆಗೂದಿಲ್ಲ.”

“ಗಂಡನ್ನ ಅಲ್ಲಿ ಬಿಟ್ಟು ಬಂದು ಇಲ್ಲಿ ಯಾವ ಗ್ವಾಡಿ ನೋಡ್ತಿ?” ಅಂದೆ. “ಓದೂದು ಬಿಟ್ಟು ಅಳಾಕತ್ತಿ. ನಾ ಬರ್ತೀನಿ, ಮಗೂನ ಹಿಡೀತೀನಿ. ನೀ ಪುಸ್ತಕ ಹಿಡಿ.”

ವೀರೇಶ ರಜೆಗೆ ಬಂದಿದ್ದ. ತಿರುಗಿ ಹೋಗುವಾಗ ನನ್ನನ್ನೂ ಕರೆದುಕೊಂಡು ಹೊರಟ.

ವಿಮಾನ ಇಳಿದಲ್ಲಿ

ಈ ಕಥೆಗೆ ಬೇಕಾದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ನಮ್ಮವರಿಗೆ ಗೊತ್ತಿರುವುದೇ. ಮನೆಯಿಂದ ಹೊರಟವರನ್ನು “ಎಲ್ಲಿಗೆ” ಅಂತ ಕೇಳಬಾರದು. ಕೇಳಲೇಬೇಕಿದ್ದರೆ “ದೂರ ಹೊಂಟೀರೇನು” ಅನ್ನಬೇಕು. ಯಾರಾದರೂ ತಪ್ಪಿ ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಒಳಗೆ ತಿರುಗಿ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ಬಸ್ಸಿನ ಕಂಡಕ್ಟರಿಗೆ ಮಾತ್ರ ದೋಷವಿಲ್ಲ, ಅವನು ಕೇಳದಿದ್ದರೆ ಟಿಕೆಟ್ ಕೊಡುವುದು ಹೇಗೆ. ನಾನು ಇದನ್ನು ಚಿಕ್ಕಂದಿನಿಂದ ಪಾಲಿಸಿದವಳು, ರೇಣುಕಾಳನ್ನೂ ಹಾಗೇ ಬೆಳೆಸಿದವಳು.

ಕೊರಿಯಾದ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹುಡುಗಿ ಏನೋ ಕೇಳಿದಳು. ನನಗೆ ತಿಳಿಯಲಿಲ್ಲ. ಅವಳು ಫೋನಿಗೆ ಹೇಳಿದಳು, ಫೋನು ನನಗೆ ಹಿಂದಿಯಲ್ಲಿ ಹೇಳಿತು: ನೀವು ಕಹಾಂ ಹೋಗುತ್ತಿದ್ದೀರಿ? ಸಿಂಧನೂರು ಬಜಾರದಲ್ಲಿ ಓಡಾಡಿದವಳಿಗೆ ಕಹಾಂ ಅಂದರೆ ತಿಳಿಯದೆ ಇರುತ್ತದೆಯೇ. ಇಷ್ಟು ದೂರ ಬಂದು ಬಾಗಿಲಲ್ಲೇ ಈ ಮಾತು ಬಂತಲ್ಲ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದು, ಕೈಚೀಲ ಇಟ್ಟು, ನೆಲದ ಮೇಲೆ ಕುಳಿತು ಬಾಟಲಿಯ ನೀರು ಕುಡಿದೆ.

ಸಾಲಿನಲ್ಲಿದ್ದ ವೀರೇಶನ ಮುಖ ಕೆಂಪಾಯಿತು. “ಅಮ್ಮಾ, ಏಳ್ರಿ. ಮಂದಿ ನೋಡಾಕತ್ಯಾರ.”

“ನೋಡ್ಲಿ. ನೀರು ಕುಡಿಯೋದನ್ನ ಎಂದೂ ನೋಡಿಲ್ಲೇನು?”

ಆ ಹುಡುಗಿ ನನಗೆ ತಲೆ ತಿರುಗಿತು ಅಂತ ತಿಳಿದು ಯಾರನ್ನೋ ಕರೆದಳು. ಗಾಲಿಕುರ್ಚಿ ಬಂತು. ಇಬ್ಬರು ಬಂದು ಎತ್ತಿ ಕೂರಿಸಿದರು, ಸಾಲಿನಲ್ಲಿದ್ದವರನ್ನೆಲ್ಲ ಬದಿಗೆ ಸರಿಸಿ ನನ್ನನ್ನು ಮುಂದೆ ದಾಟಿಸಿದರು. ನಡೆಯಲು ಬರುತ್ತದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ. ವೀರೇಶ ಎರಡೂ ಪೆಟ್ಟಿಗೆ ಎಳೆದುಕೊಂಡು ಹಿಂದೆ ಓಡಿ ಬಂದ.

ರೇಣುಕಾಳ ಮನೆ

ಅವರಿರುವುದು ದಕ್ಷಿಣದ ಒಂದು ದ್ವೀಪದಲ್ಲಿ. ಹಡಗು ಕಟ್ಟುವ ಜಾಗ ದ್ವೀಪದ ಒಂದು ಬದಿಗೆ, ಅವರ ಹಳ್ಳಿ ಇನ್ನೊಂದು ಬದಿಗೆ. ಬಾಡಿಗೆ ಮನೆ ಮೇಲಿನ ಅಂತಸ್ತಿನಲ್ಲಿ. ಕಿಟಕಿಯಿಂದ ನೋಡಿದರೆ ಕೆಳಗೆ ಗದ್ದೆ, ಗದ್ದೆಯ ಆಚೆ ಸಮುದ್ರ. ಸಮುದ್ರವನ್ನು ಒಂದು ದಿನ ನೋಡಿದೆ, ಸಾಕಾಯಿತು. ಗದ್ದೆಯನ್ನು ದಿನಾ ನೋಡಿದೆ. ಅಲ್ಲಿ ಆಗಿನ್ನೂ ನೀರು ಬಿಟ್ಟು ಕೆಸರು ಮಾಡುತ್ತಿದ್ದರು.

ಮನೆಯ ತುಂಬ ರೇಣುಕಾ ಚೀಟಿ ಅಂಟಿಸಿದ್ದಳು. ಮೇಲೆ ಕೊರಿಯನ್ ಅಕ್ಷರ, ಕೆಳಗೆ ಕನ್ನಡದಲ್ಲಿ ಅದರ ಸದ್ದು. ಬಾಗಿಲಿಗೆ ಮುನ್. ನೀರಿನ ಕೊಡಕ್ಕೆ ಮುಲ್. ಅನ್ನದ ಕುಕ್ಕರಿಗೆ ಪಾಪ್. ಮನೆ ಅಂದರೆ ಚಿಪ್, ಅದನ್ನು ಎಲ್ಲಿ ಅಂಟಿಸಬೇಕೋ ತಿಳಿಯದೆ ಗೋಡೆಗೆ ಅಂಟಿಸಿದ್ದಳು. ಎಲ್ಲ ಸಣ್ಣ ಸಣ್ಣ ಮಾತು, ಜೋಳ ಹುರಿಯುವಾಗ ಸಿಡಿದ ಹಾಗೆ. ಪರೀಕ್ಷೆಗೆ ಇಂಥವು ನೂರಾರು ಬೇಕಂತೆ.

ಅವರಲ್ಲಿ ಎಣಿಕೆ ಎರಡು ಥರ. ಮೊಟ್ಟೆ, ಮನುಷ್ಯರನ್ನು ಎಣಿಸಲು ಒಂದು, ದುಡ್ಡಿಗೆ, ತಾರೀಖಿಗೆ ಇನ್ನೊಂದು. ರೇಣುಕಾ ಇದರಲ್ಲೇ ಎಡವುತ್ತಿದ್ದಳು. “ಒಂದ್ ದೇಶಕ್ಕ ಎರಡು ಲೆಕ್ಕ ಯಾಕ ಬೇಕಮ್ಮ?” ಅಂತ ಪೆನ್ನು ಒಗೆದಳು.

“ನಾ ಭತ್ತ ಕನ್ನಡದಾಗ ಎಣಿಸ್ತೀನಿ,” ಅಂದೆ. “ಆಂಧ್ರದವರ ಕ್ಯಾಂಪಿನ ಗದ್ದಿಗೆ ಹೋದ್ರ ತೆಲುಗಿನಾಗ ಎಣಿಸ್ತೀನಿ. ಸಾಬರ ಅಂಗಡ್ಯಾಗ ಅರಿವಿ ತಗೋವಾಗ ಉರ್ದುದಾಗ. ನನಗ ಮೂರು ಅದಾವ. ಪೆನ್ನು ಎತ್ತು.”

ಮರಿಮೊಮ್ಮಗಳು ಅಂಬಿಕಾ ಆಗಲೇ ಅಲ್ಲಿಯ ಅಂಗನವಾಡಿಗೆ ಹೋಗುತ್ತಿದ್ದಳು. ಅಲ್ಲಿ ತಾಯಿಗೆ ಅಮ್ಮಾ ಅಂತಲೇ ಅನ್ನುತ್ತಾರೆ. ಅವಳು ಅಮ್ಮಾ ಅಂದಾಗಲೆಲ್ಲ ನಾನು ಓ ಅಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನನ್ನು ಯಾರು ಕರೆದರು ಅನ್ನುವ ಹಾಗೆ ತಾಯಿಯ ಹತ್ತಿರ ಹೋಗುತ್ತಿದ್ದಳು.

ರೇಣುಕಾಳ ಪರೀಕ್ಷೆಯಲ್ಲಿ ಅರ್ಧ ಓದುವುದು, ಅರ್ಧ ಕೇಳುವುದು. ಕೇಳುವುದೇ ಅವಳಿಗೆ ಕಷ್ಟ. ಮಾತು ಒಂದು ಬಾರಿಗೋ ಎರಡು ಬಾರಿಗೋ ಬರುತ್ತದೆ, ಅಷ್ಟರಲ್ಲಿ ಹಿಡಿಯಬೇಕು. ಹಳೆಯ ಪರೀಕ್ಷೆಗಳ ಮಾತನ್ನು ಫೋನಿನಲ್ಲಿ ಬೆಳಗಿನಿಂದ ಹಾಕಿಕೊಂಡು ಕೂರುತ್ತಿದ್ದಳು. ಒಬ್ಬ ಗಂಡಸು ಮತ್ತೆ ಮತ್ತೆ “ಅದಿ ಗಾಸೆಯೊ” ಅನ್ನುತ್ತಿದ್ದ.

“ಏನಂತಾನ ಆ ಮನಷಾ?”

“ಎಲ್ಲಿಗೆ ಹೊಂಟೀರಿ ಅಂತಾನಮ್ಮ.”

“ಮುಂಜಾನೆದ್ದು ಇದೇನ್ ಪಾಠ ಬೇ?”

“ಪಾಠದಾಗ ಎಲ್ಲಾರೂ ಎಲ್ಯರೆ ಹೊಂಟಿರ್ತಾರ. ಒಬ್ಬಾಕಿ ಅಂಗಡಿಗೆ, ಒಬ್ಬಾಂವ ದವಾಖಾನಿಗೆ. ಮನ್ಯಾಗ ಕುಂತಾರು ಯಾರೂ ಇಲ್ಲ, ನಾನೊಬ್ಬಾಕಿ ಬಿಟ್ರ.”

ನಮ್‌ಹೆಯಾಕಿ

ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನನಗಿಂತ ದೊಡ್ಡವಳು, ಸೊಂಟ ಬಾಗಿದೆ, ಹೋಗಲು ಬರಲು ಮಕ್ಕಳ ಗಾಡಿಯಂಥದ್ದೊಂದನ್ನು ತಳ್ಳುತ್ತಾಳೆ. ಅವಳ ಹೆಸರನ್ನು ಯಾರೂ ಹೇಳುವುದಿಲ್ಲ. ಅವಳ ತವರು ನಮ್‌ಹೆ ಎಂಬ ಊರು, ಅದಕ್ಕೆ ಎಲ್ಲರೂ ನಮ್‌ಹೆದೇಕ್ ಅನ್ನುತ್ತಾರೆ. ನಮ್‌ಹೆಯಾಕಿ ಅಂತ. ರೇಣುಕಾ ಇದನ್ನು ದೊಡ್ಡ ವಿಚಿತ್ರದಂತೆ ಹೇಳಿದಳು. ನಾನು ಮಸ್ಕಿಯಲ್ಲಿ ಹುಟ್ಟಿ ವಳಕಮದಿನ್ನಿಗೆ ಸೊಸೆಯಾಗಿ ಬಂದವಳು. ನನ್ನ ಅತ್ತೆ ಸಾಯುವತನಕ ನನ್ನನ್ನು ಮಸ್ಕಿಯಾಕಿ ಅಂತಲೇ ಕರೆದಳು, ನನ್ನ ಹೆಸರು ಹುಲಿಗೆಮ್ಮ ಅಂತ ಅವಳಿಗೆ ನೆನಪಿತ್ತೋ ಇಲ್ಲವೋ. ಇದರಲ್ಲಿ ವಿಚಿತ್ರ ಏನಿದೆ.

ಮಗುವನ್ನು ಅಂಗನವಾಡಿಗೆ ಬಿಡುವ ಕೆಲಸ ನನ್ನದಾಯಿತು. ಮೊದಲ ದಿನ ಮೆಟ್ಟಿಲು ಇಳಿದು ಗೇಟಿಗೆ ಬಂದೆ. ಗೇಟಿನ ಕಟ್ಟೆಯ ಮೇಲೆ ಕುಳಿತಿದ್ದ ನಮ್‌ಹೆಯಾಕಿ ನಕ್ಕು, “ಅದೆ ಗಾನೋ?” ಅಂದಳು. ಫೋನಿನ ಗಂಡಸಿನ ಮಾತೇ, ಸ್ವಲ್ಪ ಬೇರೆ ಥರ. ಎಲ್ಲಿಗೆ ಅಂತ! ನಾನು ಮಗುವಿನ ಕೈ ಹಿಡಿದು ತಿರುಗಿ ಮೇಲೆ ಹೋದೆ, ಕುಳಿತೆ, ನೀರು ಕುಡಿದೆ, ಇಳಿದೆ. ಅವಳು ಅಲ್ಲೇ ಕುಳಿತಿದ್ದಳು. “ಅದೆ ಗಾನೋ?” ಮತ್ತೆ ಮೇಲೆ ಹೋದೆ. ಮಗು ಇದು ಆಟ ಅಂತ ತಿಳಿದು ಕುಣಿಯಿತು. ಮೂರನೇ ಸಲ ಇಳಿದಾಗಲೂ ಅದೇ. ಅಂಗನವಾಡಿಯವರು ರೇಣುಕಾಗೆ ಫೋನು ಮಾಡಿದರು, ಮಗು ಯಾಕೆ ಬಂದಿಲ್ಲ ಅಂತ.

ರೇಣುಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಮ್ಮ, ಅದು ಊಟಾತೇನು ಅಂದಂಗ. ಆಕಿಗೆ ಜವಾಬು ಬೇಕಾಗಿಲ್ಲ. ಇಲ್ಲೇ ಅಂದ್ರ ಸಾಕು.”

“ಜವಾಬು ಬ್ಯಾಡಂದ್ರ ಸವಾಲ್ ಯಾಕ ಕೇಳ್ತಾಳ?”

“ಹಂಗ ಕೇಳ್ತಾರ ಇಲ್ಲಿ. ನನಗೂ ಕೇಳ್ತಾರ.” ನಗು ನಿಂತಿತು. “ನಾನೂ ಮೊದಮೊದಲು ತಿರುಗಿ ಬರ್ತಿದ್ದೆ.”

ಆಗ ಅದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಮರುದಿನ ನಾನೊಂದು ಉಪಾಯ ಮಾಡಿದೆ. ಮೆಟ್ಟಿಲ ಮೇಲಿಂದಲೇ, ಅವಳು ಬಾಯಿ ತೆರೆಯುವ ಮೊದಲು, “ಅದೆ ಗಾನೋ?” ಅಂತ ಕೂಗಿದೆ. ಕುಳಿತವಳಿಗೆ ಎಲ್ಲಿಗೆ ಅಂತ ಕೇಳಿದರೆ ದೋಷ ಏನೂ ಇಲ್ಲ. ನಮ್‌ಹೆಯಾಕಿ ತನ್ನ ಕಾಲು ನೋಡಿಕೊಂಡಳು, ಗಾಡಿ ನೋಡಿಕೊಂಡಳು, ಆಮೇಲೆ ಕೆಮ್ಮು ಬರುವತನಕ ನಕ್ಕಳು. ಅಂದಿನಿಂದ ನಾವಿಬ್ಬರೂ ಗೆಳತಿಯರು. ದಿನಾ ಯಾರು ಮೊದಲು ಕೇಳುತ್ತಾರೆ ಅಂತ ಪೈಪೋಟಿ. ಕೆಲವು ದಿನ ಅವಳು ಗೆದ್ದಳು. ಗೆದ್ದ ದಿನವೂ ಮಗು ಅಂಗನವಾಡಿ ಮುಟ್ಟಿತು, ನನ್ನ ಕಾಲಿಗೆ ಏನೂ ಆಗಲಿಲ್ಲ. ನಾನು ನೀರು ಕುಡಿಯುವುದು ಬಿಟ್ಟೆ.

ಗದ್ದೆ ಮತ್ತು ಮುದುಕಿಯರ ಮನೆ

ಅಲ್ಲಿ ನಾಟಿ ಹಚ್ಚುವುದು ಮಷಿನ್ನು. ಒಬ್ಬ ಗಂಡಸು ಕುರ್ಚಿಯ ಮೇಲೆ ಕುಳಿತು ಹಾಡು ಕೇಳುತ್ತ ಇಡೀ ಗದ್ದೆ ಹಚ್ಚಿಬಿಡುತ್ತಾನೆ. ಆದರೆ ಮೂಲೆಗೆ ಮಷಿನ್ನು ಹೋಗುವುದಿಲ್ಲ, ನಡುವೆಯೂ ಅಲ್ಲಲ್ಲಿ ಸಸಿ ತಪ್ಪುತ್ತದೆ. ಅದನ್ನು ಮುದುಕಿಯರು ಕೈಯಿಂದ ತುಂಬುತ್ತಾರೆ. ಒಂದು ದಿನ ನಮ್‌ಹೆಯಾಕಿ ಬದುವಿನ ಮೇಲೆ ನಿಂತು, ಬಾಗಲು ಆಗದೆ, ಖಾಲಿ ಮೂಲೆಯನ್ನು ನೋಡುತ್ತಿದ್ದಳು. ನಾನು ಸೀರೆ ಎತ್ತಿ ಕಟ್ಟಿ ಇಳಿದೆ. ಕೆಸರು ನಮ್ಮದಕ್ಕಿಂತ ತಣ್ಣಗಿತ್ತು. ನಾವು ಹಿಂದೆ ಹಿಂದೆ ಸರಿಯುತ್ತ ಹಚ್ಚುವವರು, ಅವರೂ ಹಾಗೇ. ಮೂಲೆ ಮುಗಿಸಿ ಎದ್ದರೆ ಅವಳು ಒಂದು ಸಸಿಯನ್ನು ಎಳೆದು ನೋಡಿದಳು, ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಅಂತ. ನನಗೆ ಸಿಟ್ಟು ಬಂತು. ನಾನಾದರೂ ಹಾಗೇ ಎಳೆದು ನೋಡುತ್ತಿದ್ದೆ, ಆ ಮಾತು ಬೇರೆ.

ಅಂದೇ ನನ್ನನ್ನು ಊರಿನ ಮುದುಕಿಯರು ಕೂಡುವ ಮನೆಗೆ ಕರೆದುಕೊಂಡು ಹೋದಳು. ಪ್ರತಿ ಹಳ್ಳಿಗೂ ಅಂಥದ್ದೊಂದು ಇದೆ. ಚಪ್ಪಲಿ ಹೊರಗೆ, ನೆಲದ ಮೇಲೆ ಕೂರುವುದು, ಒಟ್ಟಿಗೆ ಊಟ, ಊಟವಾದ ಮೇಲೆ ಹೂವಿನ ಚಿತ್ರದ ಇಸ್ಪೀಟು. ಎಲ್ಲರ ಕೂದಲೂ ಗುಂಗುರು, ಒಂದೇ ಅಂಗಡಿಯಲ್ಲಿ ಮಾಡಿಸಿದ್ದು. ನನ್ನ ತುರುಬನ್ನು ಬಿಚ್ಚಿಸಿ ನೋಡಿದರು. ನನಗೆ ಮಸ್ಕಿದೇಕ್ ಅಂತ ಹೆಸರಾಯಿತು.

ಇಲ್ಲಿ ದಿನಾ ಕೊರಿಯನ್ ಮಾತು ಧಾರಾಳವಾಗಿ ಸಿಗುವಾಗ ರೇಣುಕಾ ಫೋನು ಯಾಕೆ ಕೇಳಬೇಕು ಅಂತ ಅವಳನ್ನೂ ಎಳೆದುಕೊಂಡು ಹೋದೆ. ಅವಳು ಸ್ವಲ್ಪ ಹೊತ್ತು ಕೇಳಿ ನನ್ನ ಕಿವಿಯಲ್ಲಿ ಹೇಳಿದಳು.

“ಅಮ್ಮ, ಇವರ ಮಾತು ಕೇಳಿದ್ರ ನಾ ನಾಪಾಸ್ ಆಗೋದು ಗ್ಯಾರಂಟಿ. ಪರೀಕ್ಷಾದಾಗ ರಾಜಧಾನಿ ಮಂದಿ ಮಾತಾಡ್ತಾರ. ಊಟಾತೇನು ಅನ್ನಾಕ ಪುಸ್ತಕದಾಗ ಒಂದು ಐತಿ, ಇವರು ‘ಪಾಪ್ ಮುನ್ನಾ’ ಅಂತಾರ.”

“ನಿನ್ನ ಶಾಲಿ ಪುಸ್ತಕದಾಗ ‘ಬಂದಾನ, ಹೋಗ್ಯಾನ’ ಅಂತ ಬರದಿದ್ರೇನು? ಆದ್ರೂ ಕನ್ನಡದಾಗ ಪಾಸಾದಿ.”

“ಕನ್ನಡ ನನ್ನ ಹೊಟ್ಯಾಗಿತ್ತಮ್ಮ. ಇದು ಇನ್ನೂ ಕಿವ್ಯಾಗೂ ಬಂದಿಲ್ಲ.”

ಅವಳು ಹೇಳಿದ್ದು ಸರಿ. ಕಲಿಯುವವಳಿಗೆ ಎರಡು ಥರ ಮಾತು ಒಮ್ಮೆಲೆ ಕಿವಿಗೆ ಬಿದ್ದರೆ ಎರಡೂ ಕೆಡುತ್ತವೆ. ಅವಳನ್ನು ಎಬ್ಬಿಸಿಕೊಂಡು ಹೊರಡೋಣ ಅಂತಿದ್ದೆ.

ಆದರೆ ನಮ್‌ಹೆಯಾಕಿ ಕೇಳಿಯೇ ಬಿಟ್ಟಳು, ಹುಡುಗಿ ಯಾಕೆ ಮುಖ ಸಣ್ಣ ಮಾಡಿದ್ದಾಳೆ ಅಂತ. ರೇಣುಕಾ ನಾಚಿಕೊಂಡು ಪರೀಕ್ಷೆಯ ಸಂಗತಿ ಹೇಳಿದಳು, ಅದು ಮುದುಕರ ಆರೈಕೆ ಕಲಿಯಲು ಬೇಕು ಅಂತಲೂ. ಮುದುಕಿಯರೆಲ್ಲ ಇಸ್ಪೀಟು ಕೆಳಗಿಟ್ಟರು. ಅವರ ಮಕ್ಕಳೆಲ್ಲ ದೊಡ್ಡ ಊರು ಸೇರಿದವರು. ಈ ವಿಷಯದಲ್ಲಿ ಅವರಿಗೂ ಲಾಭವಿತ್ತು.

ಮರುದಿನದಿಂದ ನಮ್‌ಹೆಯಾಕಿ ಕನ್ನಡಕ ಹಾಕಿಕೊಂಡು, ಬೆನ್ನು ಆದಷ್ಟು ನೆಟ್ಟಗೆ ಮಾಡಿ, ಟೀವಿಯಲ್ಲಿ ವಾರ್ತೆ ಓದುವ ಹೆಂಗಸಿನಂತೆ ಕುಳಿತು ರೇಣುಕಾಳ ಹಳೆಯ ಪ್ರಶ್ನೆಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದಳು. ಮೊದಲ ಎರಡು ಪ್ರಶ್ನೆ ರಾಜಧಾನಿಯ ಮಾತು. ಮೂರನೆಯದಕ್ಕೆ ಅವಳ ಊರಿನ ಮಾತು ಇಣುಕುತ್ತಿತ್ತು, ಉಳಿದವರು ನೆಲ ಬಡಿದು ನಗುತ್ತಿದ್ದರು, ಅವಳು ಮತ್ತೆ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಓದುತ್ತಿದ್ದಳು. ಪರೀಕ್ಷೆಯತನಕ ಹೀಗೇ ನಡೆಯಿತು. ಓದಿದ್ದನ್ನೆಲ್ಲ ರೇಣುಕಾ ಹಿಡಿದಳು ಅಂತ ನಾನು ಹೇಳುವುದಿಲ್ಲ. ಆದರೆ ಕೇಳುವಾಗ ಅವಳ ಭುಜ ಬಿಗಿಯುವುದು ನಿಂತಿತ್ತು.

ಪರೀಕ್ಷೆಯ ಮುಂಜಾನೆ

ಅದು ಭಾನುವಾರ. ವೀರೇಶನಿಗೆ ಹಡಗಿನ ಕೆಲಸ ತಪ್ಪಲಿಲ್ಲ, ಕತ್ತಲಿರುವಾಗಲೇ ಹೋಗಿದ್ದ. ಪರೀಕ್ಷೆ ಪಕ್ಕದ ಪಟ್ಟಣದಲ್ಲಿ. ಆ ಹಳ್ಳಿಗೆ ಬಸ್ಸು ಕಡಿಮೆ, ಒಂದು ತಪ್ಪಿದರೆ ಇನ್ನೊಂದು ಬರುವಷ್ಟರಲ್ಲಿ ಪರೀಕ್ಷೆಯ ಬಾಗಿಲು ಮುಚ್ಚಿರುತ್ತದೆ.

ರೇಣುಕಾ ಉಪ್ಪಿಟ್ಟು ತಿಂದಳು, ದೇವರ ಫೋಟೋಕ್ಕೆ ಕೈ ಮುಗಿದಳು, ಇಳಿದಳು. ನಾನು ಅಂಬಿಕಾಳನ್ನು ಎತ್ತಿಕೊಂಡು ಹಿಂದೆ ಬಂದೆ. ಗೇಟಿನಲ್ಲಿ ನಮ್‌ಹೆಯಾಕಿ ನಿಂತಿದ್ದಳು. ಕಟ್ಟೆಯ ಮೇಲೆ ಕುಳಿತಿರಲಿಲ್ಲ, ಗಾಡಿಯನ್ನೂ ಹಿಡಿದಿರಲಿಲ್ಲ, ಒಂದು ಕೈ ಬೆನ್ನ ಹಿಂದೆ. ಈ ಒಂದು ದಿನ ನಾನು ಮೊದಲು ಕೇಳಬೇಕಿತ್ತು. ಮಗುವಿನ ಚಪ್ಪಲಿ ಬಿದ್ದಿತ್ತು, ಅದನ್ನು ನೋಡುತ್ತಿದ್ದೆ.

“ಅದೆ ಗಾನೋ?” ಅಂದಳು ನಮ್‌ಹೆಯಾಕಿ.

ರೇಣುಕಾ ನಿಂತುಬಿಟ್ಟಳು. ಮುಖದ ಬಣ್ಣ ಇಳಿಯಿತು. ತಿರುಗಿ ನನ್ನನ್ನು ದಾಟಿಕೊಂಡು ಮೇಲೆ ಹೋದಳು. ನಾನು ಹಿಂದೆ ಹೋಗಿ ನೋಡಿದರೆ ನೆಲದ ಮೇಲೆ ಕುಳಿತು ನೀರು ಕುಡಿಯುತ್ತಿದ್ದಾಳೆ.

“ಏ ಹುಚ್ಚಿ, ಬಸ್ ಬರ್ತೈತಿ. ಏಳು.”

“ಕುಂದ್ರಬೇಕಲ್ಲಮ್ಮ. ನೀನಾ ಹೇಳಿಕೊಟ್ಟಿದ್ದಿ.”

“ಆಕಿ ದಿನಾ ಕ್ವಾಟ್ಲೆ ಮಾಡ್ತಾಳ. ಅದು ಬರೀ ಮಾತು ಅಂತ ನೀನಾ ಹೇಳಿದ್ದಿಲ್ಲೇನು?”

“ಹೋದ ಸಲ ಪರೀಕ್ಷಾಕ್ಕ ಹೊಂಟಾಗೂ ಹಿಂಗ ಕೇಳಿದ್ಲು. ಬರೀ ಮಾತು ಅಂತ ಹಂಗ ಹೋದೆ. ಏನಾತು?” ಲೋಟ ಕೆಳಗಿಟ್ಟಳು. “ಅಮ್ಮ, ಬಾಗಲಕ್ಕ ಏನಂತಾರ? ನನಗ ನೆಪ್ಪ ಆಗವಲ್ದು. ಎಲ್ಲಾ ಹೋತು.”

ಬಾಗಿಲ ಮೇಲೆ ಚೀಟಿ ಇತ್ತು. ಅವಳು ಅದರ ಕಡೆ ನೋಡಲಿಲ್ಲ. ಅಷ್ಟರಲ್ಲಿ ಕೆಳಗೆ ಬಸ್ಸು ಬಂತು, ಯಾರೂ ಇಲ್ಲ ಅಂತ ನಿಲ್ಲದೆ ಹೋಯಿತು. ಸದ್ದು ಇಬ್ಬರಿಗೂ ಕೇಳಿಸಿತು. ನರ್ಸಿಂಗ್ ಓದಿದ ಹುಡುಗಿ, ಎಷ್ಟೋ ಮಂದಿಗೆ ಸೂಜಿ ಚುಚ್ಚಿದವಳು, ಅಲ್ಲೇ ಕುಳಿತು ಕಣ್ಣೊರೆಸಿಕೊಂಡಳು. ನಾನು ಬಿತ್ತಿದ್ದು ನನ್ನ ಕಣ್ಣೆದುರಿಗೆ ಬೆಳೆದು ನಿಂತಿತ್ತು. ಅತ್ತು ಕೂರುವ ಹೊತ್ತು ಅದಲ್ಲ.

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ನಮ್‌ಹೆಯಾಕಿ, ನೆಲಕ್ಕೆ ಕೈ ಊರಿ, ಮಗುವಿನಂತೆ ನಾಲ್ಕು ಕಾಲಲ್ಲಿ ಹತ್ತಿ ಬಂದಿದ್ದಳು. ಅಷ್ಟು ದಿನದಲ್ಲಿ ಅವಳು ಮೇಲೆ ಹತ್ತಿದ್ದು ಅದೇ ಮೊದಲು. ಹೊಸ್ತಿಲಲ್ಲಿ ಕುಳಿತು ಮುಷ್ಟಿ ತೆರೆದಳು. ಕಾಗದದಲ್ಲಿ ಸುತ್ತಿದ ಮಿಠಾಯಿ, ನಮ್ಮ ಬೆಲ್ಲದ ಪಾಕ ಗಟ್ಟಿಯಾದಂತೆ, ಹಲ್ಲಿಗೆ ಅಂಟುವಂಥದ್ದು.

ರೇಣುಕಾ ಅವಳಿಗೆ ಏನೋ ಕೇಳಿದಳು, ಸಿಟ್ಟಿನಿಂದ, ಉದ್ದಕ್ಕೆ. ನಮ್‌ಹೆಯಾಕಿ ಅದಕ್ಕಿಂತ ಉದ್ದಕ್ಕೆ, ಬಿರುಸಾಗಿ, ತನ್ನ ಊರಿನ ಮಾತಿನಲ್ಲೇ ಹೇಳಿದಳು.

“ಏನಂತಾಳ?”

“ಪರೀಕ್ಷಾ ದಿನ ಈ ಅಂಟು ಮಿಠಾಯಿ ತಿನ್ನಿಸ್ತಾರಂತ. ತಿಂದ್ರ ಪಾಸು ಅಂಟಿಕೊಂತೈತಂತ. ಸಮುದ್ರದ ಪಾಚಿ ಸಾರು ತಿನ್ನಬಾರದಂತ, ಜಾರ್ತೈತಂತ. ಇದನ್ನ ಕೊಡಾಕಂತನ ನಸುಕಿಲೆ ಗೇಟಿನಾಗ ನಿಂತಿದ್ಲಂತ.” ರೇಣುಕಾ ಮೂಗು ಒರೆಸಿಕೊಂಡಳು. “ಗೊತ್ತಿದ್ದೂ ಎಲ್ಲಿಗೆ ಅಂತ ಯಾಕ ಕೇಳಿದಿ ಅಂದ್ರ, ಕೇಳದಿದ್ರ ಮಾತು ಹೆಂಗ ಸುರು ಮಾಡ್ಲಿ ಅಂತಾಳ.”

ಇಷ್ಟು ಉದ್ದದ ಮಾತನ್ನು, ಅದೂ ಹಳ್ಳಿಯ ಮಾತನ್ನು, ಒಂದೇ ಸಲಕ್ಕೆ ಹಿಡಿದು ನನಗೆ ಹೇಳಿದ್ದಾಳೆ ಅಂತ ಅವಳಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು. ಆದರೆ ಆಗ ಅದನ್ನು ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಅಪಶಕುನಕ್ಕೆ ಹೆದರಿದವಳಿಗೆ ಲೆಕ್ಕ ಹೇಳಿ ಉಪಯೋಗವಿಲ್ಲ.

“ಇಲ್ಲಿ ಕೇಳು,” ಅಂದೆ. “ನಮ್ಮ ಕಾಲುವಿ ನೀರು ಎಲ್ಲೀತನ ಹರೀತೈತಿ? ನಮ್ಮ ಗದ್ದೀತನ. ಇಲ್ಲೀತನ ಬರೂದಿಲ್ಲ. ‘ಎಲ್ಲಿಗೆ’ ಅನ್ನೂದೂ ಹಂಗ. ಅದು ನಮ್ಮ ಸೀಮ್ಯಾಗ ನಡೀತೈತಿ. ಈ ನೆಲದಾಗ ಇವರ ಶಕುನ ನಡೀತೈತಿ. ಬಾಯಿ ತಗಿ.”

“ನೀ ಇದನ್ನ ನಂಬ್ತಿಯೇನಮ್ಮ?”

“ನಂಬಾಕ ವ್ಯಾಳ್ಯಾ ಇಲ್ಲ. ನುಂಗು.”

ನುಂಗಲು ಬರುವಂಥದ್ದಲ್ಲ ಅದು. ಹಲ್ಲಿಗೆ ಅಂಟಿತು, ಅವಳ ಬಾಯಿ ಮುಚ್ಚಿತು, ಅಳುವುದೂ ನಿಂತಿತು. ರೆಟ್ಟೆ ಹಿಡಿದು ಎಬ್ಬಿಸಿ ಕೆಳಗೆ ತಂದೆ.

ನಮ್‌ಹೆಯಾಕಿ ನಮಗಿಂತ ಹಿಂದೆ ಕುಂಡಿಯ ಮೇಲೆ ಒಂದೊಂದೇ ಮೆಟ್ಟಿಲು ಜಾರಿ ಇಳಿದಳು. ಇಳಿದವಳು ತನ್ನ ಗಾಡಿಯನ್ನು ತಳ್ಳಿಕೊಂಡು ಹೋಗಿ ರಸ್ತೆಗೆ ಅಡ್ಡ ನಿಲ್ಲಿಸಿ, ಅದರ ಮೇಲೆ ಕುಳಿತುಬಿಟ್ಟಳು. ಉಳ್ಳಾಗಡ್ಡಿ ಚೀಲ ಹೇರಿದ ಲಾರಿ ಬಂತು. ಹಾರ್ನ್ ಹೊಡೆಯಿತು. ಅವಳು ಏಳಲಿಲ್ಲ. ಡ್ರೈವರ್ ಇಳಿದು ಬೈಯಲು ಶುರು ಮಾಡಿದ. ಅವಳು ಅವನಿಗಿಂತ ಜೋರಾಗಿ ಬೈದಳು, ಬೆರಳು ಚಾಚಿ ರೇಣುಕಾಳನ್ನು ತೋರಿಸಿದಳು. ಬೈಗುಳ ಎಲ್ಲ ದೇಶದಲ್ಲೂ ಒಂದೇ ರಾಗ, ನನಗೆ ಪೂರ್ತಿ ತಿಳಿಯಿತು. ಡ್ರೈವರ್ ಬೈಯುವುದು ಬಿಟ್ಟು ಬಾಗಿಲು ತೆರೆದ. ತೆರೆದು ರೇಣುಕಾಳನ್ನು ಕೇಳಿದ, “ಅದೆ ಗಾನೋ?”

ರೇಣುಕಾ ನನ್ನನ್ನು ನೋಡಿದಳು.

“ಆಂವ ಕಂಡಕ್ಟರ್ ಲೆಕ್ಕ,” ಅಂದೆ. “ಹತ್ತು.”

ಬಾಯಿ ತೆರೆಯಲು ಬಾರದೆ ಅವಳು ಹಾಲ್ ಟಿಕೆಟ್ ತೋರಿಸಿದಳು. ಲಾರಿ ಹೋಯಿತು.

ಸಂಜೆ ಬಂದಾಗ ಅವಳ ಮೈಯೆಲ್ಲ ಉಳ್ಳಾಗಡ್ಡಿ ನಾತ. ಗೇಟು ಮುಚ್ಚುವಾಗ ಒಳಗೆ ನುಗ್ಗಿದಳಂತೆ. ಹೇಗಾಯಿತು ಅಂತ ಕೇಳಿದೆ.

“ಗೊತ್ತಿಲ್ಲಮ್ಮ. ಅರ್ಧ ಪರೀಕ್ಷಾ ಮುಗಿಯೂತನ ನಾಲಿಗಿ ಹಲ್ಲಾಗಿಂದು ಬಿಡಸಾಕತ್ತಿತ್ತು. ಹೆದ್ರಾಕ ಪುರುಸೊತ್ತ ಸಿಗಲಿಲ್ಲ.”

ಫಲಿತಾಂಶದ ದಿನ

ನಾನು ಊರಿಗೆ ಹೊರಡುವುದಕ್ಕೆ ಸ್ವಲ್ಪ ಮೊದಲು ಫಲಿತಾಂಶ ಬಂತು. ಫೋನಿನಲ್ಲಿ ನೋಡಬೇಕು. ರೇಣುಕಾ ಫೋನನ್ನು ಕಟ್ಟೆಯ ಮೇಲೆ ಬೋರಲು ಹಾಕಿ ಕುಳಿತಳು. ನಮ್‌ಹೆಯಾಕಿಯ ಕನ್ನಡಕ ಮನೆಯೊಳಗಿತ್ತು. ವೀರೇಶ ಮುಂಜಾನೆಯಿಂದ ಮತ್ತೆ ಮತ್ತೆ ಫೋನು ಮಾಡುತ್ತಿದ್ದ, ಅದನ್ನೂ ಅವಳು ಎತ್ತಲಿಲ್ಲ.

“ನೀ ನೋಡಮ್ಮ.”

“ನನಗ ಅವರ ಅಕ್ಷರ ಬರ್ತಾವೇನು?”

“ಅಂಕಿ ಬರ್ತಾವಲ್ಲ. ಅಂಕಿ ಎಲ್ಲಾ ಕಡೆ ಒಂದಾ.”

ಎತ್ತಿಕೊಂಡು ನೋಡಿದೆ. ಇರುವೆ ಸಾಲಿನಂತೆ ಅಕ್ಷರ. ನಡುವೆ ಒಂದು ಕಡೆ ದಪ್ಪಗೆ ಎರಡು ಅಂತ ಇತ್ತು.

“ಎರಡು ಐತಿ,” ಅಂದೆ.

ರೇಣುಕಾ ಫೋನು ಕಿತ್ತುಕೊಂಡಳು. ಎರಡು ಸಲ ಓದಿದಳು. ಆಮೇಲೆ ಕೂಗಿದಳು. ಕೇಳುವುದರಲ್ಲೇ ಹೆಚ್ಚು ಅಂಕ ಬಂದಿತ್ತಂತೆ. ವೀರೇಶನಿಗೆ ಫೋನು ಹಚ್ಚಿದಳು. ಆ ಕಡೆ ವೆಲ್ಡಿಂಗಿನ ಸದ್ದು, ಈ ಕಡೆ ಇವಳ ಕೂಗು, ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ, ಆದರೂ ಇಬ್ಬರೂ ಮಾತಾಡಿದರು. ಪಾಸಾದಳು ಅಂದರೆ ವರ್ಷಗಟ್ಟಲೆ ಊರಿಗೆ ಬರುವುದಿಲ್ಲ ಅಂತ ಅರ್ಥ. ಅದು ವಿಮಾನ ಹತ್ತುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ಬಂದಿದ್ದೆ.

ನಮ್‌ಹೆಯಾಕಿ ಕೂಗಲಿಲ್ಲ, ತಬ್ಬಿಕೊಳ್ಳಲಿಲ್ಲ. ಒಳಗೆ ಹೋಗಿ ನೇಲ್‌ಕಟರ್ ತಂದಳು. ಕಟ್ಟೆಯ ಮೇಲೆ ಕುಳಿತು ಹೂವಿನ ಕಾಲುಚೀಲ ಕಳಚಿ, ಎರಡೂ ಕಾಲು ರೇಣುಕಾಳ ಮುಂದೆ ಚಾಚಿದಳು. ಮಾತು ಪಾಸಾಯಿತು, ಇನ್ನು ಕೈ ನೋಡೋಣ, ಮುದುಕರನ್ನು ನೋಡಿಕೊಳ್ಳುವವಳು ನನ್ನಿಂದ ಶುರು ಮಾಡು ಅಂದಳಂತೆ. ಸೊಂಟ ಬಾಗಿದ ಮೇಲೆ ಅವಳ ಕೈ ಅವಳ ಕಾಲು ಮುಟ್ಟಿರಲಿಲ್ಲ. ಉಗುರು ಬೆಳೆದು ಸುರುಳಿಯಾಗಿತ್ತು.

ರೇಣುಕಾ ಬಿಸಿನೀರು ತಂದು ಆ ಕಾಲುಗಳನ್ನು ನೆನೆಹಾಕಿದಳು. ನೆಲದ ಮೇಲೆ ಕುಳಿತು ಒಂದೊಂದೇ ಉಗುರು ತೆಗೆದಳು. ಪ್ರತಿ ಬೆರಳಿಗೂ “ಅಫಾಯೊ?” ಅಂತ ಕೇಳುತ್ತಿದ್ದಳು. ನೋವಾಗ್ತದಾ ಅಂತ. “ಆನ್ ಅಫಾ,” ನೋವಿಲ್ಲ, ಅನ್ನುತ್ತಿದ್ದಳು ನಮ್‌ಹೆಯಾಕಿ. ಒಂದು ಕಡೆ ಹುಬ್ಬು ಗಂಟಾಯಿತು, ಆಗಲೂ ನೋವಿಲ್ಲ ಅಂದಳು.

ಅವಳದು ಮುಗಿದ ಮೇಲೆ ನಾನು ಸೀರೆ ಸ್ವಲ್ಪ ಮೇಲಕ್ಕೆ ಎತ್ತಿ ಪಕ್ಕದಲ್ಲಿ ಕುಳಿತು ಕಾಲು ಚಾಚಿದೆ. ಕೆಸರಿನಲ್ಲಿ ಕಳೆದ ಉಗುರು ನನ್ನದು, ಕಲ್ಲಿನಂತೆ. ರೇಣುಕಾ ಹೆಬ್ಬೆರಳು ಹಿಡಿದು ಒತ್ತಿದಳು. ನನಗೂ ಕೊರಿಯನ್‌ನಲ್ಲೇ ಕೇಳಿದಳು.

“ಅಫಾಯೊ?”

“ಅಫಾ,” ಅಂದೆ.

ಅವಳ ಕೈ ನಿಂತಿತು. ನಮ್‌ಹೆಯಾಕಿ ನನ್ನ ತೊಡೆಗೆ ಒಂದು ಹೊಡೆದಳು, ಹುಡುಗಿಯ ಮನಸ್ಸು ಯಾಕೆ ಕೆಡಿಸ್ತೀ ಅನ್ನುವ ಹಾಗೆ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನೋವಾದದ್ದನ್ನು ನೋವು ಅಂತ ಹೇಳದಿದ್ದರೆ ಅವಳು ಕಲಿಯುವುದು ಹೇಗೆ. ರೇಣುಕಾ ಬೆರಳನ್ನು ತಿರುಗಿಸಿ ನೋಡಿದಳು, ನೇಲ್‌ಕಟರನ್ನು ಓರೆಯಾಗಿ ಹಿಡಿದಳು, ಮತ್ತೆ ಒತ್ತಿದಳು, ಈ ಸಲ ಮೆಲ್ಲಗೆ.